ನೀಲಿ ಬೊಕೊಬ್ಲಿನ್‌ಗೆ ಬೇರೆ ಹೆಸರೇಕೆ ಇಲ್ಲ?

ಪ್ರಶ್ನೆ: ಝೆಲ್ಡಾ ಸರಣಿಯ ವಿಡಿಯೊ ಗೇಮ್ ‘ಬ್ರೆತ್ ಆಫ್ ದಿ ವೈಲ್ಡ್’ನಲ್ಲಿ ಬೊಕೊಬ್ಲಿನ್ ಎಂಬ ಶತ್ರುವಿನ ಬಣ್ಣ ಬದಲಿಸಿದರೆ ಹೆಸರಿನ ಹಿಂದೆ ‘ನೀಲಿ’, ‘ಕಪ್ಪು’ ಎಂದು ಸೇರಿಸಿ ಮುಗಿಸಿದ್ದಾರೆ. ಅಷ್ಟು ದೊಡ್ಡ ಗೇಮ್ ಮಾಡಿದವರಿಗೆ ಹೊಸ ಹೆಸರು ಹೊಳೆಯಲಿಲ್ಲವೇ? ಇದು ಸೋಮಾರಿತನವಲ್ಲವೇ?

ಉತ್ತರ: ಅಲ್ಲ. ಈ ಆರೋಪ ಎಷ್ಟು ಸಲ ಬಂದರೂ ಆಟವನ್ನು ಗಮನಿಸಿದ ಗುರುತು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ವಿವರವಾಗಿ ಹೇಳುತ್ತೇನೆ.

ಕೆಂಪು ಬೊಕೊಬ್ಲಿನ್‌ನ ಜೀವಬಲ, ಅಂದರೆ ಸಾಯುವ ಮುನ್ನ ಅದು ತಾಳುವ ಪೆಟ್ಟಿನ ಅಳತೆ, 13. ನೀಲಿಯದು 72, ಕಪ್ಪಿನದು 240, ಬೆಳ್ಳಿಯದು 720. ಆದರೆ ನಾಲ್ಕರ ಸ್ವಭಾವವೂ ಹೆಚ್ಚುಕಡಿಮೆ ಒಂದೇ. ಕೈಯ ಆಯುಧ ಬಿದ್ದರೆ ಹತ್ತಿರ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತವೆ, ಕಾವಲಿನವನು ಕೊಂಬು ಊದಿದರೆ ಗುಂಪಾಗಿ ಓಡಿ ಬರುತ್ತವೆ, ರಾತ್ರಿ ಬೆಂಕಿಯ ಸುತ್ತ ಮಲಗುತ್ತವೆ. ನೀವು ಹೆಚ್ಚು ಶತ್ರುಗಳನ್ನು ಕೊಂದಷ್ಟೂ ಆಟ ತೆರೆಮರೆಯಲ್ಲಿ ಲೆಕ್ಕವಿಟ್ಟು, ಕೆಂಪು ಇದ್ದ ಶಿಬಿರಕ್ಕೆ ಮುಂದೊಮ್ಮೆ ನೀಲಿಯನ್ನೋ ಕಪ್ಪನ್ನೋ ತಂದು ಕೂರಿಸುತ್ತದೆ. ಆಗ ಅದಕ್ಕೆ ಬೇರೆಯೇ ಹೆಸರಿದ್ದರೆ, ಕಲಿತ ಪಟ್ಟುಗಳು ಇಲ್ಲಿಯೂ ನಡೆಯುತ್ತವೆ ಎಂದು ನಿಮಗೆ ತಿಳಿಯುವುದು ಹೇಗೆ? ಮೂಲ ಹೆಸರು ನಡವಳಿಕೆಯನ್ನು ಹೇಳುತ್ತದೆ, ವಿಶೇಷಣ ಎಷ್ಟು ಪೆಟ್ಟು ಬೇಕೆಂದು ಹೇಳುತ್ತದೆ. ಆಟದ ಪ್ರಾಣಿಕೋಶದಲ್ಲಿ ಕೆಂಪಿನದಕ್ಕೆ ‘ಬೊಕೊಬ್ಲಿನ್’ ಎಂದಷ್ಟೇ ಹೆಸರು. ವಿಶೇಷಣವಿಲ್ಲದಿದ್ದರೆ ಆ ಜಾತಿಯಲ್ಲಿ ಅದೇ ಕೆಳಗಿನ ಮೆಟ್ಟಿಲು.

ಆ ಜಾತಿಯಲ್ಲಿ ಎಂಬುದನ್ನು ಮರೆಯಬೇಡಿ. ಲೈನೆಲ್ ಎಂಬ ಬೇರೆ ಜಾತಿಯ ಶತ್ರುವಿಗೆ ವಿಶೇಷಣವಿಲ್ಲದಿದ್ದರೂ 2000 ಜೀವಬಲವಿದೆ. ಬೆಳ್ಳಿಯ ಬೊಕೊಬ್ಲಿನ್ ಕೊಂದ ಧೈರ್ಯದಲ್ಲಿ ಅದರ ಮುಂದೆ ಹೋಗಿ ನಿಂತವರು ಆಮೇಲೆ ಹೆಸರನ್ನು ದೂರುತ್ತಾರೆ.

ಬಣ್ಣದ ಪದ್ಧತಿ ಬಡತನದಲ್ಲಿ ಹುಟ್ಟಿದ್ದು ನಿಜ. ಸರಣಿಯ 1986ರ ಮೊದಲ ಆಟದಲ್ಲೇ ಆಕ್ಟೊರಾಕ್ ಎಂಬ ಶತ್ರುಗಳು ಕೆಂಪು ಮತ್ತು ನೀಲಿ ಬಣ್ಣಗಳಲ್ಲಿದ್ದವು, ನೀಲಿ ಹೆಚ್ಚು ಗಟ್ಟಿ. ಆ ಕಾಲದ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರದಲ್ಲಿ ಚಲಿಸುವ ಚಿತ್ರಗಳಿಗೆ ಏಕಕಾಲಕ್ಕೆ 4 ಬಣ್ಣದ ಗುಂಪುಗಳು, ಒಂದೊಂದರಲ್ಲಿ 3 ಬಣ್ಣ ಮಾತ್ರ. ಹೊಸ ಚಿತ್ರ ಬರೆಯದೆ ಹೊಸ ಶತ್ರು ಬೇಕೆಂದರೆ ಬಣ್ಣ ಬದಲಿಸುವುದೇ ದಾರಿ. ‘ಬ್ರೆತ್ ಆಫ್ ದಿ ವೈಲ್ಡ್’ ಬಂದ 2017ರಲ್ಲಿ ಅಂಥ ಕೊರತೆ ಇರಲಿಲ್ಲ. ಆದರೂ ಉಳಿಸಿಕೊಂಡರು, ಏಕೆಂದರೆ ಬೆಟ್ಟದ ತುದಿಯಿಂದ ದುರ್ಬೀನಿನಲ್ಲಿ ನೋಡುವ ಆಟಗಾರನಿಗೆ ಬಣ್ಣಕ್ಕಿಂತ ಬೇಗ ಕಾಣುವುದು ಇನ್ನೊಂದಿಲ್ಲ.

‘ಸ್ಟಾಲ್’ ಎಂಬ ಆರಂಭವನ್ನೂ ಹೀಗೆಯೇ ಓದಬೇಕು. ಸ್ಟಾಲ್‌ಕೊಬ್ಲಿನ್, ಸ್ಟಾಲ್‌ಮೊಬ್ಲಿನ್, ಸ್ಟಾಲಿಝಾಲ್ಫೋಸ್ ಎಲ್ಲವೂ ರಾತ್ರಿ ನೆಲದಿಂದೇಳುವ ಅಸ್ಥಿಪಂಜರಗಳು. ದೇಹ ಚೂರಾದರೂ ಮತ್ತೆ ಜೋಡಿಸಿಕೊಳ್ಳುತ್ತವೆ, ತಲೆಬುರುಡೆ ಒಡೆದರೆ ಮಾತ್ರ ಕಥೆ ಮುಗಿಯುತ್ತದೆ. ಮೊದಲ ಮೂರ್ನಾಲ್ಕು ಅಕ್ಷರಗಳಲ್ಲೇ ಉಪಾಯ ಸಿಕ್ಕಿತಲ್ಲ!

ನನಗೆ ಒಪ್ಪಿಗೆಯಿಲ್ಲದ್ದೂ ಒಂದಿದೆ. ವಿಝ್‌ರೋಬ್‌ಗಳು ಮಂತ್ರ ಹಾಕುವ ಶತ್ರುಗಳು. ಫೈರ್ ವಿಝ್‌ರೋಬ್‌ಗೆ 150 ಜೀವಬಲ, ಅದರ ಮೇಲಿನ ದರ್ಜೆಯ ಮಿಟಿಯೊ ವಿಝ್‌ರೋಬ್‌ಗೆ 300. ಎರಡೂ ಬೆಂಕಿಯವೇ ಎಂದು ಊಹಿಸಬಹುದು, ಯಾವುದು ಮೇಲು ಎಂದು ಹೆಸರು ಹೇಳುವುದಿಲ್ಲ. ಮಂಜಿನ ದೊಡ್ಡದನ್ನಂತೂ ‘ಬ್ಲಿಝರ್ಡ್’ (ಹಿಮಗಾಳಿ) ಸೇರಿಸಿ ಬ್ಲಿಝ್‌ರೋಬ್ ಎಂದು ಬೆಸೆದಿದ್ದಾರೆ. ಕೇಳಲು ಚಂದ, ಕೆಲಸಕ್ಕೆ ಕಡಿಮೆ. ಬೆಂಕಿಯವುಗಳ ಮೇಲೆ ಮಂಜಿನ ಬಾಣ, ಮಂಜಿನವುಗಳ ಮೇಲೆ ಬೆಂಕಿಯ ಬಾಣ ಒಂದೇ ಏಟಿಗೆ ಕೊಲ್ಲುವುದರಿಂದ ಈ ಲೋಪ ಹೆಚ್ಚು ಕಾಡುವುದಿಲ್ಲ, ಅಷ್ಟೆ.

ಪ್ರಶ್ನೆ: ಈ ಹೆಸರುಗಳಿಗೆಲ್ಲ ಸಂಸ್ಕೃತ ಮೂಲವಿದೆ ಎಂದು ಒಂದು ವಿಡಿಯೊ ಸಾಬೀತು ಮಾಡಿದೆ. ನಿಜವೇ?

ಉತ್ತರ: ಎರಡು ಅಕ್ಷರ ಹೊಂದಿಕೆಯಾದದ್ದು ಪುರಾವೆಯಲ್ಲ; ಇಂಥ ವಿಡಿಯೊ ನೋಡುವುದನ್ನು ನಿಲ್ಲಿಸಿ.

ಪ್ರಶ್ನೆ: ಚಿನ್ನದ ಬೊಕೊಬ್ಲಿನ್ ಇದೆ ಎನ್ನುತ್ತಾರೆ, ನಾನು ಒಮ್ಮೆಯೂ ಕಂಡಿಲ್ಲ.

ಉತ್ತರ: ಹಣ ಕೊಟ್ಟು ಪಡೆಯುವ ಮಾಸ್ಟರ್ ಮೋಡ್ ಎಂಬ ಹೆಚ್ಚು ಕಠಿಣ ಆಟದಲ್ಲಿದೆ. ಜೀವಬಲ 1080.

ಪ್ರಶ್ನೆ: ನಮ್ಮದೇ ಗೇಮ್‌ನ ನಲವತ್ತು ಶತ್ರುಗಳಿಗೆ ಹೆಸರು ಹುಟ್ಟಿಸುವ ಆ್ಯಪ್ ಯಾವುದು ಒಳ್ಳೆಯದು?

ಉತ್ತರ: ಯಾವುದೂ ಬೇಡ. ನಿಮ್ಮ ಶತ್ರು ಏನು ಮಾಡುತ್ತದೆ ಎಂದು ಆ್ಯಪ್‌ಗೆ ಗೊತ್ತಿಲ್ಲ. ಒಂದೇ ರೀತಿ ದಾಳಿ ಮಾಡುವವುಗಳನ್ನು ಗುಂಪು ಮಾಡಿ, ಗುಂಪಿಗೊಂದು ಮೂಲ ಹೆಸರಿಡಿ, ದರ್ಜೆಗೆ ಒಂದೇ ಕ್ರಮದ ವಿಶೇಷಣ ಬಳಸಿ. ಒಂದೇ ಅಕ್ಷರದಿಂದ ಶುರುವಾಗುವ ಎರಡು ಹೆಸರುಗಳು ಒಂದೇ ಕಾಳಗದಲ್ಲಿ ಎದುರಾಗದಂತೆ ನೋಡಿಕೊಳ್ಳಿ.