ಮಗುವಿನ ಪಕ್ಕದ ಸೀಟಿಗೂ ಹಣ ಕೊಡಬೇಕೆ?

ಪ್ರಶ್ನೆ: ಎಂಟು ವರ್ಷದ ಮಗಳೊಂದಿಗೆ ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಹೊರಟಿದ್ದೇನೆ. ಪಕ್ಕಪಕ್ಕದ ಸೀಟುಗಳಿಗೆ ಪ್ರತ್ಯೇಕ ಶುಲ್ಕ ಕೇಳುತ್ತಿದ್ದಾರೆ. ಕೊಡದಿದ್ದರೆ ಮಗು ಬೇರೆಡೆ ಕೂರಬೇಕಾಗುತ್ತದೆಯೇ? ಲಗೇಜಿನ ನಿಯಮವನ್ನೂ ತಿಳಿಸಿ.
– ಓದುಗರೊಬ್ಬರು, ತುಮಕೂರು

ಉತ್ತರ: ಹಾಗಾಗಕೂಡದು. 12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿ (ಟಿಕೆಟ್ ಬುಕಿಂಗ್ ಸಂಖ್ಯೆಯಲ್ಲಿ) ಪ್ರಯಾಣಿಸುತ್ತಿರುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಯಲ್ಲೇ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಏಪ್ರಿಲ್‌ನಲ್ಲಿ ವಿಮಾನಯಾನ ಸಂಸ್ಥೆಗಳಿಗೆ ಸೂಚಿಸಿದೆ. ಆದ್ದರಿಂದ ನಿಮ್ಮಿಬ್ಬರ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ವೆಬ್ ಚೆಕ್-ಇನ್ ಮಾಡುವಾಗ ಬೆಲೆ ನಮೂದಿಸಿದ ಸೀಟುಗಳೇ ಕಣ್ಣಿಗೆ ಬೀಳುವುದರಿಂದ ಹಣ ಕಟ್ಟಲೇಬೇಕೆಂದು ಅನೇಕರು ಭಾವಿಸುತ್ತಾರೆ. ಆದರೆ ಸೀಟು ಆಯ್ಕೆಯ ಶುಲ್ಕ ಐಚ್ಛಿಕವಾದುದು, ಆರಿಸದವರಿಗೆ ಸಂಸ್ಥೆಯೇ ಸೀಟು ಹಂಚಬೇಕು. ಹಂಚಿಕೆಯಲ್ಲಿ ನೀವಿಬ್ಬರೂ ಬೇರೆಯಾದರೆ ಚೆಕ್-ಇನ್ ಕೌಂಟರಿನಲ್ಲಿ ಈ ಸೂಚನೆಯನ್ನು ಹೆಸರಿಸಿ ಕೇಳಿ. ಪುಟ್ಟ ಮಗುವನ್ನು ಅಪರಿಚಿತರ ನಡುವೆ ಕೂರಿಸಿ, ಆ ಆತಂಕಕ್ಕೆ ಬೆಲೆ ಕಟ್ಟುವುದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಿಟಕಿಯ ಸೀಟೇ ಬೇಕೆಂದರೆ ಮಾತ್ರ ಶುಲ್ಕ ತೆರಬೇಕಾದೀತು.

ಲಗೇಜಿನ ವಿಷಯಕ್ಕೆ ಬಂದರೆ, ದೇಶದೊಳಗಿನ ಎಕಾನಮಿ ಟಿಕೆಟ್‌ಗೆ ಸಾಮಾನ್ಯವಾಗಿ 15 ಕಿಲೋ ಚೆಕ್-ಇನ್ ಬ್ಯಾಗು, 7 ಕಿಲೋ ಕೈಚೀಲ ಉಚಿತ. ತೂಕ ಹೆಚ್ಚುವುದು ಖಚಿತವಾಗಿದ್ದರೆ ಮುಂಚೆಯೇ ಆನ್‌ಲೈನಿನಲ್ಲಿ ಹಣ ಕಟ್ಟಿ, ಏಕೆಂದರೆ ಕೌಂಟರಿನಲ್ಲಿ ಪ್ರತಿ ಕಿಲೋ ದರ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಪವರ್ ಬ್ಯಾಂಕನ್ನು ಮಾತ್ರ ಕೈಚೀಲದಲ್ಲೇ ಇಡಿ. ಚೆಕ್-ಇನ್ ಬ್ಯಾಗಿನಲ್ಲಿ ಅದಕ್ಕೆ ಅನುಮತಿಯಿಲ್ಲ.