ಅಮ್ಮನ ಬ್ಯಾಲಟ್ ಅಮ್ಮನೇ ತುಂಬಲಿ

ಓದುಗರ ಪತ್ರ: ಪೌರತ್ವ ಸಿಕ್ಕ ಮೇಲೆ ಅಮ್ಮ ಮೊದಲ ಸಲ ಮತ ಹಾಕಿದ್ದು 2024ರ ನವೆಂಬರ್ ಚುನಾವಣೆಯಲ್ಲಿ. ಬ್ಯಾಲಟ್‌ನಲ್ಲಿ ರಾಜ್ಯದ 10 ಪ್ರಾಪೊಸಿಷನ್‌ಗಳಿದ್ದವು (ಪ್ರಾಪ್, ಅಂದರೆ ಜನರೇ ಯೆಸ್ ಅಥವಾ ನೋ ಅಂತ ತೀರ್ಮಾನಿಸಬೇಕಾದ ಕಾನೂನಿನ ಪ್ರಶ್ನೆ). "ಎಲ್ಲಿ ಗುರುತು ಹಾಕ್ಲಿ, ನೀನೇ ಹೇಳು" ಅಂದರು. ಹೇಳಿದೆ, ಹಾಕಿದರು. ಆಮೇಲೆ ಮನಸ್ಸಿಗೆ ಸರಿ ಅನಿಸಲಿಲ್ಲ. ಮುಂದಿನ ಸಲ ಯಾವುದಕ್ಕೆ ಯೆಸ್, ಯಾವುದಕ್ಕೆ ನೋ ಅಂತ ನೀವೇ ಒಂದು ಪಟ್ಟಿ ಹಾಕಬಾರದೇ?
– ಓದುಗರೊಬ್ಬರು, ಸನ್ನಿವೇಲ್, ಕ್ಯಾಲಿಫೋರ್ನಿಯಾ

ಸಂಪಾದಕರ ಉತ್ತರ: ಪಟ್ಟಿ ಹಾಕುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ನೀವು ಹೇಳಿದ ಕಡೆ ಅಮ್ಮ ಗುರುತು ಹಾಕಿದ್ದೇ ನಿಮಗೆ ಸರಿ ಕಾಣಲಿಲ್ಲ. ಇನ್ನು ನಾವು ಹೇಳಿದ ಕಡೆ ಹಾಕಿಸಿದರೆ ಸರಿಹೋಗುತ್ತದಾ?

ಅಮ್ಮ ಗಲಿಬಿಲಿಯಾದದ್ದು ಸಹಜ. ಊರಲ್ಲಿ ಅಭ್ಯರ್ಥಿಯ ಹೆಸರು, ಚಿಹ್ನೆ ನೋಡಿ ಬಟನ್ ಒತ್ತಿ ಬಂದವರು ಅವರು. ಇಲ್ಲಿ ಕಾನೂನಿಗೇ ಮತ ಹಾಕಬೇಕು. ರೈಲ್ವೆ ಕಂಪನಿಯ ಹಿಡಿತಕ್ಕೆ ಸಿಕ್ಕಿದ್ದ ರಾಜಕೀಯದಿಂದ ಬೇಸತ್ತು ಕ್ಯಾಲಿಫೋರ್ನಿಯಾದ ಜನ 1911ರಲ್ಲಿ ಪಡೆದುಕೊಂಡ ಹಕ್ಕು ಇದು. ಸುಮ್ನೆ ಬೇರೆಯವರ ಕೈಗೆ ಕೊಡುವಂಥದ್ದಲ್ಲ.

ಜಾಸ್ತಿ ಜನ ಎಡವುವುದು ಯೆಸ್, ನೋ ಹತ್ತಿರವೇ. 2022ರ ಪ್ರಾಪ್ 31 ನೋಡಿ. ಫ್ಲೇವರ್ ಬೆರೆಸಿದ ತಂಬಾಕು ಮಾರಬಾರದು ಅಂತ ರಾಜ್ಯ 2020ರಲ್ಲೇ ಕಾನೂನು ಮಾಡಿತ್ತು. ತಂಬಾಕು ಕಂಪನಿಗಳ ಕಡೆಯವರು ಸಹಿ ಸಂಗ್ರಹಿಸಿ ಅದನ್ನು ಜನರ ಮುಂದೆ ತಂದರು. ಹಾಗಾಗಿ ಯೆಸ್ ಅಂದರೆ ಕಾನೂನು ಇರಲಿ, ಮಾರಾಟ ನಿಲ್ಲಲಿ ಅಂತ. ನೋ ಅಂದರೆ ಕಾನೂನು ಬೇಡ ಅಂತ. ನಮ್ಮ ಪಕ್ಕದ ಮನೆಯ ಅಜ್ಜಿ "ಹೊಗೆಸೊಪ್ಪಿನ ಸಹವಾಸವೇ ಬೇಡ" ಅಂತ ನೋ ಪಕ್ಕ ಪೆನ್ ಊರಿ ಕೂತಿದ್ದರು! ಮತದಾರರ ಪುಸ್ತಿಕೆಯ ಆ ಪುಟ ತೆಗೆದು ಕನ್ನಡದಲ್ಲಿ ಓದಿ ಹೇಳಿದೆ. ಪೆನ್ ಮೇಲಕ್ಕೆತ್ತಿ, ಇನ್ನೊಂದು ಸಲ ಹೇಳಿಸಿಕೊಂಡು, ಯೆಸ್ ತುಂಬಿದರು. ಕಾನೂನು ಗೆದ್ದಿತು ಕೂಡ.

ಚುನಾವಣೆಗೆ ಮುಂಚೆ ರಾಜ್ಯದಿಂದ ಮನೆಗೆ ಬರುವ ಮತದಾರರ ಪುಸ್ತಿಕೆಯಲ್ಲಿ ಪ್ರತಿ ಪ್ರಾಪ್‌ಗೂ ಯೆಸ್ ಅಂದರೆ ಏನಾಗುತ್ತದೆ, ನೋ ಅಂದರೆ ಏನಾಗುತ್ತದೆ ಅಂತ ಎರಡು ಚಿಕ್ಕ ಪ್ಯಾರಾ ಇರುತ್ತದೆ. ಮೊದಲು ಅದನ್ನೇ ಓದಿ ಹೇಳಿ. ನಿಮ್ಮ ಅಭಿಪ್ರಾಯ ಆಮೇಲೆ, ಅಮ್ಮ ಕೇಳಿದರೆ ಮಾತ್ರ.

ನಂತರ ಅದೇ ಪುಸ್ತಿಕೆಯಲ್ಲಿರುವ ಖರ್ಚಿನ ಲೆಕ್ಕ. ಇದನ್ನು ಬರೆಯುವುದು ರಾಜ್ಯ ಶಾಸನಸಭೆಗೆ ಹಣಕಾಸಿನ ಸಲಹೆ ಕೊಡುವ, ಪಕ್ಷಾತೀತವಾದ ಲೆಜಿಸ್ಲೇಟಿವ್ ಅನಲಿಸ್ಟ್ ಕಚೇರಿ. ನೀವು ಹೇಳಿದ 2024ರಲ್ಲೇ ಪ್ರಾಪ್ 2 ಇತ್ತು, ಶಾಲಾ ಕಟ್ಟಡಗಳಿಗೆ 1,000 ಕೋಟಿ ಡಾಲರ್ ಬಾಂಡ್. ಶಾಲೆಗೆ ಅಂದರೆ ಯಾರು ಬೇಡ ಅಂತಾರೆ? ಆದರೆ ಬಾಂಡ್ ಅಂದರೆ ಸಾಲ. ವರ್ಷಕ್ಕೆ ಸುಮಾರು 50 ಕೋಟಿ ಡಾಲರ್‌ನಂತೆ 35 ವರ್ಷ ತೀರಿಸಬೇಕು ಅಂತ ಅಲ್ಲೇ ಬರೆದಿತ್ತು. ಮನೆ ಸಾಲದ ಕಂತು ಕಟ್ಟಿದ ಯಾವ ಅಮ್ಮನಿಗೂ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ವಾದ, ಪ್ರತಿವಾದದ ಪುಟಗಳು ಕೊನೆಗಿರಲಿ. ಅವನ್ನು ಪರ, ವಿರೋಧ ಇರುವವರೇ ಬರೆದಿರುತ್ತಾರೆ. ಅದು ನಿಜವೋ ಸುಳ್ಳೋ ಅಂತ ಯಾವ ಸರ್ಕಾರಿ ಕಚೇರಿಯೂ ತಾಳೆ ನೋಡಿರುವುದಿಲ್ಲ. ಅಂಚೆಯಲ್ಲಿ ಬರುವ ಬಣ್ಣದ ಪ್ರಚಾರದ ಕಾರ್ಡುಗಳನ್ನಂತೂ ಪಕ್ಕಕ್ಕಿಡಿ. ಆ್ಯಪ್ ಚಾಲಕರನ್ನು ನೌಕರರೆಂದು ಪರಿಗಣಿಸಬೇಕಿಲ್ಲ ಅನ್ನುವ 2020ರ ಪ್ರಾಪ್ 22 ಗೆಲ್ಲಿಸಲು ಪ್ರಚಾರಕ್ಕೆ ಊಬರ್, ಲಿಫ್ಟ್‌ನಂಥ ಕಂಪನಿಗಳು ಸುರಿದದ್ದು 20 ಕೋಟಿ ಡಾಲರ್‌ಗಿಂತ ಜಾಸ್ತಿ.

ಎಷ್ಟು ಓದಿದರೂ ಅರ್ಥವಾಗದ ಪ್ರಾಪ್ ಇದ್ದರೆ ಖಾಲಿ ಬಿಡಬಹುದು. ಉಳಿದ ಮತಗಳು ಎಣಿಕೆಗೆ ಬರುತ್ತವೆ.

ಪುಸ್ತಿಕೆ ಹಿಂದಿಯಲ್ಲಿ ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಅದಕ್ಕೇ ನಾವೊಂದು ಕೆಲಸ ಮಾಡುತ್ತೇವೆ. ಮುಂದಿನ ಚುನಾವಣೆಗೆ ಮುಂಚೆ ಪ್ರತಿ ಪ್ರಾಪ್‌ನ ಯೆಸ್ ಅರ್ಥ, ನೋ ಅರ್ಥ, ಖರ್ಚು ಈ ಮೂರನ್ನು ಕನ್ನಡದಲ್ಲಿ ಅಚ್ಚು ಹಾಕುತ್ತೇವೆ. ಸಲಹೆ ಇರುವುದಿಲ್ಲ.

ಇನ್ನೊಂದು ಮಾತು. ತುಂಬಿದ ಬ್ಯಾಲಟ್ ಅಂಚೆಯಲ್ಲಿ ಕಳಿಸುವ ಲಕೋಟೆಯ ಮೇಲೆ ಅಮ್ಮನೇ ಸಹಿ ಹಾಕಬೇಕು. ಹಿಂದೆ ಹಾಕಿದ್ದ ಸಹಿಯ ಜೊತೆ ಹೋಲಿಸಿ ನೋಡುತ್ತಾರೆ. ನೋಂದಣಿಯಲ್ಲಿ ಕನ್ನಡದಲ್ಲಿ ಹಾಕಿದ್ದರೆ ಇಲ್ಲೂ ಕನ್ನಡದಲ್ಲೇ ಹಾಕಲಿ.