ಕೇಳಬೇಕಾದವರು ಕೇಳಲಿಲ್ಲ

ಹಾವೇರಿಯ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: "ಕಂಪನಿಗಳ ನಿರ್ದೇಶಕ ಮಂಡಳಿ ಬಗ್ಗೆ ಕಳೆದ ಸಂಚಿಕೆಯಲ್ಲಿ ಪುಟಗಟ್ಟಲೆ ಬರೆದಿದ್ದೀರಿ. ಮುಂಬೈಯ ದೊಡ್ಡವರು ಯಾವ ಸಮಿತಿ ಮಾಡಿಕೊಂಡರೆ ನಮಗೇನು? ದುಡ್ಡು ನುಂಗಿದವರನ್ನು ನೋಡಿಕೊಳ್ಳಲು ಪೊಲೀಸರಿದ್ದಾರೆ, ಕೋರ್ಟಿದೆ. ನನ್ನ ಉಳಿತಾಯ ಊರಿನ ಸೌಹಾರ್ದ ಸಹಕಾರಿಯಲ್ಲಿದೆ, ಸ್ವಲ್ಪ ಮ್ಯೂಚುವಲ್ ಫಂಡಿನಲ್ಲಿದೆ. ಷೇರುಪೇಟೆಯ ಗೊಡವೆಯೇ ನನಗಿಲ್ಲ."

ಮಾನ್ಯರೇ,

ಷೇರುಪೇಟೆಯ ಗೊಡವೆಗೆ ಹೋಗದವರಿಗೂ 2018ರಲ್ಲಿ ಪೆಟ್ಟು ಬಿತ್ತು. ಆ ವರ್ಷ ಮುಳುಗಿದ ಐಎಲ್‌ ಆ್ಯಂಡ್ ಎಫ್‌ಎಸ್‌ ಸಂಸ್ಥೆಯ ಕಥೆಯನ್ನೇ ನಿಮಗೆ ಹೇಳಬೇಕು.

ಸೆಂಟ್ರಲ್ ಬ್ಯಾಂಕ್, ಯುಟಿಐ, ಎಚ್‌ಡಿಎಫ್‌ಸಿ ಸೇರಿ 1987ರಲ್ಲಿ ಕಟ್ಟಿದ ಸಂಸ್ಥೆ ಅದು. ರಸ್ತೆ, ಸುರಂಗ, ವಿದ್ಯುತ್ ಯೋಜನೆಗಳಿಗೆ ಹಣ ಹೊಂದಿಸುವುದು ಅದರ ಕಸುಬು. ಜಮ್ಮು–ಶ್ರೀನಗರ ಹೆದ್ದಾರಿಯ ಚೆನಾನಿ–ನಾಶ್ರಿ ಸುರಂಗ ಕಟ್ಟಿದ್ದು ಅದರ ಅಂಗಸಂಸ್ಥೆಯೇ. ಕಾಲು ಭಾಗದಷ್ಟು ಷೇರು ಎಲ್‌ಐಸಿಯದು. ಸ್ಟೇಟ್ ಬ್ಯಾಂಕ್, ಜಪಾನಿನ ಓರಿಕ್ಸ್, ಅಬುಧಾಬಿಯ ಸರ್ಕಾರಿ ನಿಧಿ ಕೂಡ ಪಾಲುದಾರರು. ಇಂಥವರೆಲ್ಲ ಇರುವಾಗ ಭಯವೇನು ಎಂದುಕೊಂಡು ಮ್ಯೂಚುವಲ್ ಫಂಡಿನವರೂ ಸೇರಿ ಎಲ್ಲರೂ ಸಾಲ ಕೊಟ್ಟರು. ಕೊನೆಗೆ ಆ ಸಾಲ ₹90 ಸಾವಿರ ಕೋಟಿ ದಾಟಿತು.

ಸುಂಕದ ರಸ್ತೆಗೆ ಹಾಕಿದ ಬಂಡವಾಳ ವಾಪಸು ಬರಲು ಹದಿನೈದು ಇಪ್ಪತ್ತು ವರ್ಷ ಬೇಕು. ಸಂಸ್ಥೆ ತಂದ ಸಾಲದಲ್ಲಿ ಬಹುಪಾಲಿನ ಮುದ್ದತು ಅದಕ್ಕಿಂತ ತೀರ ಕಡಿಮೆ. ಕೆಲವು ಕೆಲವೇ ತಿಂಗಳಿನವು. ಮೂರು ತಿಂಗಳ ಕೈಗಡ ತಂದು ತೆಂಗಿನ ತೋಟ ಹಾಕಿದ ಹಾಗೆ. ಹಳೇ ಸಾಲ ತೀರಿಸಲು ಹೊಸ ಸಾಲ ಸಿಗುವವರೆಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಹೀಗೆ ಸಾಲ ಮಾಡುವುದು ಕಳ್ಳತನವಲ್ಲ, ಅದಕ್ಕೆ ಪೊಲೀಸರನ್ನು ಕರೆಯಲಾಗುವುದಿಲ್ಲ. "ಮುಂದಿನ ಕಂತಿಗೆ ಹಣ ಎಲ್ಲಿಂದ ಬರುತ್ತದೆ?" ಎಂದು ಕೇಳಬೇಕಾದವರು ಮಂಡಳಿಯಲ್ಲಿ ಕೂತವರು.

ಆ ಕೆಲಸಕ್ಕೆಂದೇ ಅಲ್ಲೊಂದು ಅಪಾಯ ನಿರ್ವಹಣಾ ಸಮಿತಿ ಇತ್ತು. 2015ರಿಂದ 2018ರವರೆಗೆ ಅದು ಸಭೆ ಸೇರಿದ್ದು ಒಂದೇ ಒಂದು ಸಲ! ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೆ. ಅಂಗಸಂಸ್ಥೆಗಳು ಮುನ್ನೂರಕ್ಕೂ ಹೆಚ್ಚು. ಒಂದರ ಸಾಲ ಇನ್ನೊಂದರ ಲೆಕ್ಕದಲ್ಲಿ. ಸಂಸ್ಥೆಯಿಂದ ಸಾಲ ಪಡೆದು ತೀರಿಸಲಾಗದವರಿಗೆ ಅವರದೇ ಬಳಗದ ಬೇರೆ ಕಂಪನಿಯ ಹೆಸರಲ್ಲಿ ಮತ್ತೆ ಸಾಲ ಕೊಟ್ಟು ಹಳೆಯದನ್ನು ಮುಚ್ಚಿದ್ದನ್ನು ತನಿಖಾಧಿಕಾರಿಗಳು ಆಮೇಲೆ ಪತ್ತೆ ಹಚ್ಚಿದರು. ಲೆಕ್ಕಪರಿಶೋಧಕರು ಸಹಿ ಹಾಕುತ್ತ ಬಂದಿದ್ದರು. ಸಾಲ ತೀರಿಸುವ ಶಕ್ತಿ ಅಳೆದು ದರ್ಜೆ ಕೊಡುವ ರೇಟಿಂಗ್ ಸಂಸ್ಥೆಗಳು 2018ರ ಆಗಸ್ಟ್ ಶುರುವಿನವರೆಗೂ ಅದಕ್ಕೆ ಕೊಟ್ಟಿದ್ದದ್ದು ಎಲ್ಲಕ್ಕಿಂತ ಮೇಲಿನ ದರ್ಜೆ, ಎಎಎ. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅದು 'ಡಿ', ಅಂದರೆ ಸುಸ್ತಿದಾರ. ಎಲ್‌ಐಸಿ ಇದೆಯಲ್ಲ ಎಂದು ರೇಟಿಂಗ್‌ನವರು, ರೇಟಿಂಗ್ ಇದೆಯಲ್ಲ ಎಂದು ಫಂಡಿನವರು, ಫಂಡಿನವರು ನೋಡಿರುತ್ತಾರೆ ಎಂದು ನಿಮ್ಮಂಥವರು.

ಆಮೇಲಿನದು ಬೇಗ ಬೇಗ ನಡೆಯಿತು. ಇನ್ನು ಯಾರ ಸರದಿಯೋ ಎಂಬ ಭಯ ಹಬ್ಬಿ, ಸೆಪ್ಟೆಂಬರ್ 21ರಂದು ಗೃಹಸಾಲ ಕೊಡುವ ಡಿಎಚ್‌ಎಫ್‌ಎಲ್‌ ಷೇರು ಒಂದೇ ದಿನ ಶೇ 40ಕ್ಕೂ ಹೆಚ್ಚು ಬಿತ್ತು. ಅಕ್ಟೋಬರ್ 1ರಂದು ಕೇಂದ್ರ ಸರ್ಕಾರ ಕಂಪನಿ ನ್ಯಾಯಮಂಡಳಿಗೆ ಹೋಗಿ ಹಳೇ ಮಂಡಳಿಯನ್ನು ಕಿತ್ತುಹಾಕಿ, ಬ್ಯಾಂಕರ್ ಉದಯ್ ಕೋಟಕ್ ನೇತೃತ್ವದಲ್ಲಿ ಹೊಸದನ್ನು ಕೂರಿಸಿತು. ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ಸಾಲ ಕೊಡಲು ಎಲ್ಲರೂ ಹಿಂದೇಟು ಹಾಕಿದರು. ನಮ್ಮ ಊರುಗಳಲ್ಲಿ ಬೈಕು, ಟ್ರ್ಯಾಕ್ಟರ್, ಲಾರಿಗೆ ಸಾಲ ಕೊಡುವವರಲ್ಲಿ ಅಂಥ ಕಂಪನಿಗಳೇ ಹೆಚ್ಚು. 2019ರಲ್ಲಿ ವಾಹನ ಮಾರಾಟ ಕುಸಿಯಿತು. ದೇಶದ ಆರ್ಥಿಕ ಬೆಳವಣಿಗೆ 2018–19ರ ಸುಮಾರು ಶೇ 6.5ರಿಂದ ಮರುವರ್ಷ ಶೇ 4ರ ಆಸುಪಾಸಿಗೆ ಇಳಿಯಿತು. ಕಾರಣಗಳು ಬೇರೆಯೂ ಇದ್ದವು, ಆದರೆ ಸಾಲದ ಹರಿವು ಬತ್ತಿದ್ದು ದೊಡ್ಡ ಕಾರಣ. ಷೋರೂಮಿನಲ್ಲಿ ಕೆಲಸ ಕಳೆದುಕೊಂಡ ಹುಡುಗನಿಗೆ ಆ ಅಪಾಯ ನಿರ್ವಹಣಾ ಸಮಿತಿಯ ಹೆಸರೂ ಗೊತ್ತಿರಲಿಲ್ಲ. ನೌಕರರ ಭವಿಷ್ಯನಿಧಿ ಟ್ರಸ್ಟುಗಳ ಹಣವೂ ಮುಳುಗಿದ ಆ ಸಂಸ್ಥೆಯ ಬಾಂಡುಗಳಲ್ಲಿ (ಸಾಲಪತ್ರಗಳಲ್ಲಿ) ಸಿಕ್ಕಿಕೊಂಡಿತು.

ಕೋರ್ಟಿದೆ ಎಂದಿರಿ. ಬಂಧನಗಳಾದವು, ಮೊಕದ್ದಮೆಗಳಾದವು. ಸಾಲದಲ್ಲಿ ಶೇ 60ರ ಆಸುಪಾಸನ್ನು ಇತ್ಯರ್ಥಪಡಿಸಬಹುದೆಂದು ಹೊಸ ಮಂಡಳಿ ಅಂದಾಜಿಸಿತು, ಅದೂ ವರ್ಷಗಟ್ಟಲೆ ಹೆಣಗಾಡಿ. ರಿಸರ್ವ್ ಬ್ಯಾಂಕು ದೊಡ್ಡ ಹಣಕಾಸು ಕಂಪನಿಗಳ ಮೇಲೆ ನಿಗಾ ಬಿಗಿಗೊಳಿಸಿ 2022ರ ಅಕ್ಟೋಬರ್‌ನಿಂದ ಹೊಸ ನಿಯಮ ತಂದಿದೆ. ಒಳ್ಳೆಯದೇ. ಆದರೆ ಸಭೆಯನ್ನೇ ಸೇರದ ಸಮಿತಿಗೆ ಯಾವ ನಿಯಮವೂ ಬುದ್ಧಿ ಕಲಿಸಲಾರದು.

ಇನ್ನು ನಿಮ್ಮ ಸೌಹಾರ್ದದ ವಿಷಯ. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರಿಗೆ 2020ರ ಜನವರಿಯಲ್ಲಿ ಹಣ ತೆಗೆಯಲು ₹35 ಸಾವಿರದ ಮಿತಿ ಬಿದ್ದದ್ದು ನಿಮಗೆ ನೆನಪಿರಬಹುದು. ಅದು ಬ್ಯಾಂಕು, ಅಲ್ಲಿ ₹5 ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘಕ್ಕೂ ಬ್ಯಾಂಕಲ್ಲದ ಸೌಹಾರ್ದ ಸಹಕಾರಿಗೂ ಆ ವಿಮೆ ಇಲ್ಲ. ನೀವು ಅದರ ಸದಸ್ಯರಾಗಿದ್ದರೆ, ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಮೂರು ಲೆಕ್ಕ ಕೇಳಿ: ಈ ವರ್ಷ ವಾಪಸು ಕೊಡಬೇಕಾದ ಠೇವಣಿ ಎಷ್ಟು, ಈ ವರ್ಷ ವಸೂಲಾಗುವ ಸಾಲ ಎಷ್ಟು, ಆಡಳಿತ ಮಂಡಳಿಯವರಿಗೂ ಅವರ ನೆಂಟರಿಷ್ಟರಿಗೂ ಕೊಟ್ಟ ಸಾಲ ಎಷ್ಟು. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

— ಸಂಪಾದಕ